ಕೆಂಪು ದಾರದ ಬಿರಡೆ

ಚಿಕ್ಕಮ್ಮ ಹಾಯಿ ಹೊಲಿಯುವವಳು. ಕೆರೆ ದಂಡೆಯ ಶೆಡ್ಡಿನಲ್ಲಿ ಅವಳ ಹೊಲಿಗೆ ಯಂತ್ರ ಸೊಂಟದಷ್ಟು ಆಳದ ಗುಂಡಿಯಲ್ಲಿದೆ. ಹಾಯಿಬಟ್ಟೆ ಸುತ್ತಲಿನ ನೆಲದ ಮೇಲೆ ಹರಡಿಕೊಳ್ಳಲಿ ಎಂದು. ಕತ್ತರಿ, ಡಬ್ಬಿ, ಸುತ್ತಿಗೆ ಎಲ್ಲಕ್ಕೂ ಗುರುತಿಗೆ ಕೆಂಪು ದಾರ ಸುತ್ತುತ್ತಾಳೆ. ಅವಳು ಒಂದು ಹೊಲಿಗೆ ತಪ್ಪಿಸಿದ್ದನ್ನು ಯಾರೂ ಕಂಡಿಲ್ಲ. ಆದರೂ ಮೂರು ವರ್ಷದಿಂದ ದಂಡೆಯವರ ಬಾಯಲ್ಲಿ ಅವಳ ಹೆಸರು 'ಬಿರಡೆ'.

ಅಲ್ಲಿ ಓಡುವುದು ಪುಟ್ಟ ಕ್ಯಾಟಮರಾನ್‌ಗಳು: ಎರಡು ಸಪೂರ ದೋಣಿಗಳನ್ನು ಅಡ್ಡಪಟ್ಟಿಗಳಿಂದ ಜೋಡಿಸಿ, ನಡುವೆ ಬಲೆ ಬಿಗಿದು, ಮೇಲೆ ಹಾಯಿ ಏರಿಸಿದ್ದು. ಪ್ರತಿ ದೋಣಿಯ ಹಿಂಬದಿಗೆ, ಒಳಗಿನ ನೀರು ಬಸಿಯಲು, ಹೆಬ್ಬೆರಳ ಗಾತ್ರದ ತೂತು. ದಡಕ್ಕೆ ಬಂದಾಗ ಬಿರಡೆ ತೆಗೆಯಬೇಕು, ನೀರಿಗೆ ಇಳಿಸುವ ಮುನ್ನ ತಿರುಗಿಸಿ ಬಿಗಿಯಬೇಕು. ಮೂರು ವರ್ಷದ ಹಿಂದೆ, ಸ್ಪರ್ಧೆ ಬಹುಮಾನ ಏನೂ ಇಲ್ಲದ ಸ್ನೇಹಕೂಟದ ದಿನ, ಚಿಕ್ಕಮ್ಮನ ದೋಣಿ ನಡುನೀರಿನಲ್ಲಿ ವಾಲಿತು. ಬಿರಡೆ ಇರಲಿಲ್ಲ. ತಾನೇ ಮರೆತೆನೆಂದು ನಂಬಿ ಅವಳು ತಲೆತಗ್ಗಿಸಿದಳು. ಬಿರಡೆ ಮರೆಯುವವಳ ಹೊಲಿಗೆ ನಂಬುವುದು ಹೇಗೆಂದು ನಾಲ್ಕು ಜನ ತಮ್ಮ ಹಾಯಿಗಳನ್ನು ಬೇರೆ ಊರಿಗೆ ಕಳಿಸಿದರು.

ಆ ಹೆಸರಿಟ್ಟವರು ಅವಳ ಅಕ್ಕನ ಗಂಡ, ಹಲ್ಲಿನ ಡಾಕ್ಟರು. ಕಳೆದ ವರ್ಷ ಅವರು ಲೈಫ್ ಜಾಕೆಟ್ಟಿನ ಹರಿದ ಜೇಬು ಹೊಲಿಯಲು ಕೊಟ್ಟರು. ಒಳಪದರದಲ್ಲಿ ಅವಳ ಬೆರಳಿಗೆ ಬಿರಡೆಯೊಂದು ತಾಗಿತು. ಅದಕ್ಕೆ ಕೆಂಪು ದಾರ ಸುತ್ತಿತ್ತು. ದೋಣಿ ವಾಲಿದ ದಿನ ಬೆಳಿಗ್ಗೆ ಒಂದು ಸುತ್ತು ಹೋಗಿಬರುತ್ತೇನೆಂದು ಅವಳ ದೋಣಿ ಒಯ್ದವರು ಅವರೇ.

ಅವಳು ಬಿರಡೆಯನ್ನು ತನ್ನ ಬಳಿ ಇಟ್ಟುಕೊಂಡು, ಜೇಬನ್ನು ಎರಡು ಸಾಲು ಹೊಲಿದು ಹಿಂತಿರುಗಿಸಿದಳು. ಬಾಯಿ ಬಿಡಲಿಲ್ಲ. ಆಗಲೇ ಹೇಳಿದ್ದರೆ ಅವರು ನಕ್ಕು ತೇಲಿಸಿಬಿಡುತ್ತಿದ್ದರು.

ಈ ಸಲದ ಸ್ನೇಹಕೂಟದಲ್ಲೂ ಡಾಕ್ಟರು ಎಲ್ಲರೆದುರು ಅವಳ ದೋಣಿಯ ಹಿಂದೆ ಮಂಡಿಯೂರಿದರು.

"ಎಲ್ಲಿ, ನಮ್ಮ ಬಿರಡೆ ಬಿರಡೆ ಹಾಕಿದ್ದಾಳಾ ನೋಡೋಣ! ಎಡಗಡೆ ಸರಿ. ಬಲಗಡೆ ಸರಿ. ಹೊರಡಮ್ಮ!"

"ನಿಮ್ದು ನೋಡ್ಕೊಂಡ್ರಾ ಭಾವ?"

"ಊರಿನವರ ತೂತೆಲ್ಲ ಮುಚ್ಚೋನು ನಾನು. ನಂಗೇ ಹೇಳ್ತೀಯಾ?"

ಚಿಕ್ಕಮ್ಮ ಅವರ ದೋಣಿಯ ಕಡೆ ಕಣ್ಣು ಹಾಯಿಸಿದಳು. ಬಲಗಡೆಯ ತೂತು ಖಾಲಿ. ಅವಳು ಲೆಕ್ಕ ಹಾಕಿದಳು: ನಿಮಿಷಕ್ಕೆ ಸುಮಾರು ಒಂದು ಬಕೆಟ್ ನೀರು. ಒಳಗೆ ಥರ್ಮಾಕೋಲ್ ತುಂಬಿದೆ, ಮುಳುಗುವುದಿಲ್ಲ, ವಾಲುತ್ತದೆ. ಜೊತೆಗಿರುವ ಅಕ್ಕ ಮೀನಿನ ಹಾಗೆ ಈಜುತ್ತಾಳೆ. ಕೇಳಿಯಾಗಿತ್ತು, ಉತ್ತರವೂ ಬಂದಿತ್ತು. ಅವಳು ಹಾಯಿ ಎಳೆದಳು.

ಹನ್ನೆರಡನೇ ನಿಮಿಷಕ್ಕೆ ಡಾಕ್ಟರು ನೀರಿನಲ್ಲಿದ್ದರು. ಹೆಬ್ಬೆರಳನ್ನು ತೂತಿಗೆ ಒತ್ತಿ ಹಿಡಿದು ನೇತಾಡುತ್ತಿದ್ದರು. ವಾಲಿದ ಬಲೆಯ ಎತ್ತರದ ಅಂಚಿನಲ್ಲಿ ಅಕ್ಕ. ಆರು ದೋಣಿಗಳು ಹಾಯಿ ಸಡಿಲಿಸಿ ಸುತ್ತ ನಿಂತವು.

"ಒಂದು ಬಿರಡೆ ಇದ್ರೆ ಕೊಡೇ!"

ಚಿಕ್ಕಮ್ಮ ಕೆಂಪು ದಾರದ್ದನ್ನು ಎತ್ತಿ ಹಿಡಿದಳು. "ಇದು ಎಲ್ಲಿತ್ತು ಅಂತ ಎಲ್ರಿಗೂ ಕೇಳೋ ಹಾಗೆ ಹೇಳಿ. ಕೊಡ್ತೀನಿ."

ಡಾಕ್ಟರು ಕೆಂಪು ದಾರ ನೋಡಿದರು. "ತಮಾಷೆ ಸಾಕು. ಬೆರಳು ಮರಗಟ್ತಿದೆ."

"ನನ್ನ ಹೆಸರು ಮರಗಟ್ಟಿ ಮೂರು ವರ್ಷ ಆಯ್ತು ಭಾವ."

ಗಾಳಿ ಎರಡು ಸಲ ಹಾಯಿ ಬಡಿಯಿತು.

"ನನ್ನ ಜೇಬಲ್ಲಿತ್ತು," ಎಂದರು ಡಾಕ್ಟರು. "ಆವತ್ತು ನಾನೇ ತೆಗೆದಿದ್ದೆ, ವಾಪಸ್ ಹಾಕೋದು ಮರೆತೆ. ಜ್ಞಾಪಕ ಬರೋ ಹೊತ್ತಿಗೆ ಎಲ್ರೂ ನಕ್ಕಾಗಿತ್ತು."

"ಗೊತ್ತಿದ್ದೂ ನನ್ನ ತಂಗೀನ ಆಡ್ಕೊಂಡ್ರಾ?" ಎಂದಳು ಅಕ್ಕ. ನೀರಿಗೆ ಧುಮುಕಿ, ಈಜಿ ಬಂದು, ತಂಗಿಯ ಬಲೆಯ ಮೇಲೆ ಹತ್ತಿ ಕೂತಳು.

ಚಿಕ್ಕಮ್ಮ ಮಾತಿನಂತೆ ಬಿರಡೆ ಕೊಟ್ಟಳು. ಅವರ ದೋಣಿಯನ್ನು ದಡಕ್ಕೆ ಎಳೆದೊಯ್ಯಲು ಹಗ್ಗ ಕೊಡಲಿಲ್ಲ. ಅದು ಅವಳ ಕಾಲ ಬಳಿಯೇ, ಕೆಂಪು ದಾರ ಸುತ್ತಿಕೊಂಡು, ಅಚ್ಚುಕಟ್ಟಾದ ಸುರುಳಿಯಾಗಿ ಬಿದ್ದಿತ್ತು.

"ಇನ್ನೊಂದು ಸುತ್ತು ಹೋಗೋಣ್ವಾ ಅಕ್ಕ?"

"ಎರಡು ಹೋಗು," ಎಂದಳು ಅಕ್ಕ, ಸೆರಗು ಹಿಂಡುತ್ತಾ.