ಉಲ್ಟಾ ಅಚ್ಚಾದ ಹೆಸರು

ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ಬೆಳಕು ಹರಿದಿತ್ತು. ಟ್ಯಾಕ್ಸಿ ಬೇಡವೆಂದು ರೈಲಿನಲ್ಲೇ ಬೆಡೋಕ್ ಬಡಾವಣೆಗೆ ಹೋದೆ; ದೂರ ಹೆಚ್ಚಿಲ್ಲ, ಸೀಟೂ ಸಿಕ್ಕಿತು. ಅಕ್ಕ ಸರೋಜ ಅಲ್ಲಿ ಮಗಳು ವೀಣಾಳ ಫ್ಲ್ಯಾಟಿನಲ್ಲಿದ್ದಳು. ಹೊಟ್ಟೆಯಲ್ಲಿ ಗಡ್ಡೆ; ಗುರುವಾರ ಆಪರೇಷನ್ ಎಂದು ಡಾಕ್ಟರು ಹೇಳಿದ್ದರು. ಅಕ್ಕ ಒಲ್ಲೆನೆಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿದ್ದಳು. ದೇವರು ಕೊಟ್ಟ ಶಿಕ್ಷೆ, ಅನುಭವಿಸಬೇಕು ಎನ್ನುವುದೊಂದೇ ಅವಳ ಮಾತು. ತಂಜಾಂಗ್ ಪಗಾರ್‌ನ ಬ್ಯಾಂಕೊಂದರಲ್ಲಿರುವ ವೀಣಾ ಹೇಳಿ ಸೋತು ನನ್ನನ್ನು ಕರೆಸಿಕೊಂಡಿದ್ದಳು.

ನಾನು ಮೈಸೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ಮರುದಿನ ಬೆಳಿಗ್ಗೆಯೇ ಅಕ್ಕನನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಕಟ್ಟಡದ ಕೆಳಗೆ ವಾಯ್ಡ್ ಡೆಕ್ ಎನ್ನುವ ತೆರೆದ ಅಂಗಳದಲ್ಲಿ ನಡೆಸಿದೆ. ಗೊಣಗಿದಳು, ಆದರೆ ನಡೆದಳು. ಮಂಗಳವಾರ ಎಂಆರ್‌ಟಿ ರೈಲು ಹತ್ತಿಸಿದೆ. ಸಿಟಿ ಹಾಲ್ ನಿಲ್ದಾಣದಿಂದ ಹೊರಬಂದರೆ ಕೊಲ್ಲಿಯ ಕಡೆ ಆಕಾಶದ ತುಂಬ ಕ್ರೇನುಗಳು. ಸೆಕೆ ತಾಳಲಾರದೆ, ಏಸಿ ಇರುತ್ತದೆಂದು, ಒಂದು ಮ್ಯೂಸಿಯಂ ಹೊಕ್ಕೆವು. ಒಳಗೆ ಯುರೋಪಿನ ಐನೂರು ವರ್ಷ ಹಳೆಯ ಮರದಚ್ಚಿನ ಚಿತ್ರಗಳ ಪ್ರದರ್ಶನವಿತ್ತು.

ಅಕ್ಕ ನಿಂತದ್ದು ಅಂಗೈಯಗಲದ ಒಂದು ಚಿತ್ರದೆದುರು. ಮೇಲೆ ಮೋಡದಲ್ಲಿ ತಕ್ಕಡಿ ಹಿಡಿದ ದೇವರು. ಕೆಳಗೆ ಬರೀ ಮೂಳೆಯ ಮೃತ್ಯು ರಾಜನನ್ನೂ ಪಾದ್ರಿಯನ್ನೂ ಕೋಲೂರಿದ ಮುದುಕಿಯನ್ನೂ ತೀರ್ಪಿಗೆ ಎಳೆದೊಯ್ಯುತ್ತಿದ್ದ. ಇಲ್ಲಿಗೇಕೆ ಕರೆತಂದೆನೋ ಎಂದು ಗಾಬರಿಯಾಗಿ ಅವಳ ತೋಳು ಜಗ್ಗಿದೆ. ಅವಳು ಕದಲಲಿಲ್ಲ.

“ಇರೇ. ರಾಜ ಸಹ ತಲೆ ಬಗ್ಗಿಸ್ಕೊಂಡು ಹೋಗ್ತಿದಾನೆ ನೋಡು. ಎಳ್ಕೊಂಡು ಹೋಗೋನ ಮೈಮೇಲೆ ಒಂದು ಚೂರು ಮಾಂಸ ಇಲ್ಲ. ಒಬ್ಬರಾದ್ರೂ ಕೈ ಕೊಡವಬಾರದಿತ್ತಾ?”

“ನೀನೂ ಗೋಡೆ ಕಡೆ ತಿರುಗಿ ಮಲಗಿದ್ಯಲ್ಲ,” ಎಂದೆ. ಅವಳು ಚಿತ್ರ ಬಿಟ್ಟು ಮುಂದೆ ನಡೆದಳು.

ಪಕ್ಕದ ಕೋಣೆಯಲ್ಲಿ ನೋಡಲು ಬಂದವರೇ ಅಚ್ಚು ಕೆತ್ತಬಹುದಿತ್ತು. ನಮ್ಮ ವಯಸ್ಸಿನ ಚೀನೀ ಹೆಂಗಸೊಬ್ಬಳು ಮೆತ್ತನೆಯ ರಬ್ಬರ್ ಹಲಗೆ, ಪುಟ್ಟ ಉಳಿ ಕೊಟ್ಟಳು. ಅಕ್ಕ ನಾಲಿಗೆ ಕಚ್ಚಿಕೊಂಡು ‘ಸರೋಜ’ ಎಂದು ಕೆತ್ತಿ, ಮಸಿ ಸವರಿ, ಕಾಗದಕ್ಕೆ ಒತ್ತಿದಳು. ಹಲಗೆ ಎತ್ತಿದರೆ ಹೆಸರು ಉಲ್ಟಾ: ಜ ಮೊದಲು, ಸ ಕೊನೆಗೆ, ಎಲ್ಲವೂ ಕನ್ನಡಿಯೊಳಗಿನ ಅಕ್ಷರಗಳಂತೆ. ಕನ್ನಡ ಬಾರದ ಆ ಹೆಂಗಸು ಚೆನ್ನಾಗಿದೆ ಎಂದು ಹೊಗಳಿದಳು. ನಾನು ತಪ್ಪನ್ನು ವಿವರಿಸಿದಾಗ ನಕ್ಕು, ಹಲಗೆಯ ಮೇಲೆ ಉಲ್ಟಾ ಕೆತ್ತಿದರಷ್ಟೇ ಕಾಗದದ ಮೇಲೆ ನೇರವಾಗುತ್ತದೆ ಎಂದು ಇನ್ನೊಂದನ್ನು ಮುಂದಿಟ್ಟಳು.

“ಬೇಡ, ಇದೇ ಸರಿ,” ಎಂದಳು ಅಕ್ಕ. “ಯಮ ಬಂದು ಓದ್ಲಿ, ನೋಡೋಣ.”

ಸಂಜೆ ಆ ಕಾಗದವನ್ನು ಫ್ಲ್ಯಾಟಿನ ಬಾಗಿಲಿಗೆ ಹೊರಗಿನಿಂದ ತಾನೇ ಅಂಟಿಸಿದಳು. ಆಫೀಸಿನಿಂದ ಬಂದ ವೀಣಾ ಬಾಗಿಲಲ್ಲೇ ನಿಂತಳು.

“ಅಮ್ಮಾ, ನೇಬರ್ಸ್ ಏನಂದ್ಕೋತಾರೆ?”

“ಅವರಿಗಲ್ಲ ಕಣೇ ಹಾಕಿದ್ದು. ಡಾಕ್ಟರಿಗೆ ಫೋನ್ ಮಾಡು. ಗುರುವಾರ ಬರ್ತೀನಿ ಅಂತ ಹೇಳು.”

ಆಪರೇಷನ್ ಆಯಿತು. ಗಡ್ಡೆ ತೆಗೆದರು, ಮುಂದಿನ ಬಗ್ಗೆ ಡಾಕ್ಟರು ಯಾವ ಭರವಸೆಯನ್ನೂ ಕೊಡಲಿಲ್ಲ. ನಾನು ಊರಿಗೆ ಹೊರಟ ದಿನ ಅಕ್ಕ ಹೊಟ್ಟೆ ಹಿಡಿದುಕೊಂಡು ಬಾಗಿಲವರೆಗೆ ನಡೆದುಬಂದಳು.

“ಇದನ್ನ ಓದೋದು ಹೇಗೆ ಅಂತ ಯಾರಿಗೂ ಹೇಳ್ಬೇಡ,” ಎಂದಳು.

ಲಿಫ್ಟಿನ ಬಾಗಿಲು ಮುಚ್ಚುವ ಮುನ್ನ ತಿರುಗಿ ನೋಡಿದೆ. ತೇವಕ್ಕೆ ಮುದುರಿದ್ದ ಕಾಗದದ ಮೂಲೆಯನ್ನು ಅವಳು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸುತ್ತಿದ್ದಳು.