ಪ್ರಪಂಚದ ಲೈನಿನಲ್ಲಿ ಆಸ್ಯಮ್ಮ

ಬಲ್ಮಠದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ನಿತ್ಯಾನಂದ ಶೆಟ್ಟರು ಪುಟದಲ್ಲಿ ಎರಡು ತಪ್ಪು ಕಂಡರೆ ಹಾಳೆ ಹರಿದು ಬುಟ್ಟಿಗೆ ಹಾಕುವವರು. ಇಂಥವರ ಕಾವೂರಿನ ಮನೆಗೆ ೧೯೮೯ರಲ್ಲಿ ಭಾವ ಕುವೈಟಿನಿಂದ ಒಂದು ಕಂಪ್ಯೂಟರ್ ತಂದುಕೊಟ್ಟ. ಅಲ್ಲಿ ಯಾರೋ ಹಳತಾಯಿತೆಂದು ಮೂಲೆಗೆ ಹಾಕಿದ್ದು. ಟೀವಿಗೆ ಸಿಕ್ಕಿಸಿದರೆ ಬೆಳಗುತ್ತಿತ್ತು. ಜೊತೆಗೆ ಎರಡು ರಬ್ಬರ್ ಬಟ್ಟಲುಗಳಿದ್ದ ಒಂದು ಪೆಟ್ಟಿಗೆ. ಫೋನಿನ ರಿಸೀವರನ್ನು ಅದರಲ್ಲಿ ಮಗುಚಿ ಮಲಗಿಸಿ ಬೊಂಬಾಯಿಗೆ ಎಸ್‌ಟಿಡಿ ಮಾಡಿದರೆ ಬಾಸಿಲ್ ಎಂಬ ಹವ್ಯಾಸಿಯ ಕಂಪ್ಯೂಟರ್ ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆಯನ್ನು ಪೆಟ್ಟಿಗೆ ಅಕ್ಷರ ಮಾಡಿ ಪರದೆಗೆ ಕೊಡುತ್ತಿತ್ತು. ಅಲ್ಲಿ ಬರೆದಿಟ್ಟದ್ದು ಒಬ್ಬ ಹವ್ಯಾಸಿಯಿಂದ ಇನ್ನೊಬ್ಬನಿಗೆ ದಾಟಿ ಲೋಕವನ್ನೆಲ್ಲ ಸುತ್ತುತ್ತದಂತೆ.

ಶೆಟ್ಟರದ್ದು ಮಾತ್ರ ಇನ್ನೂ ಸುತ್ತಿರಲಿಲ್ಲ. ರಬ್ಬರ್ ಬಟ್ಟಲಿಗೆ ಮನೆಯ ಸದ್ದೆಲ್ಲ ಕೇಳಿಸುತ್ತಿತ್ತು. ಕುಕ್ಕರ್ ಕೂಗಿದರೆ ಪರದೆಯ ಮೇಲೆ ಕಸ. ಮೀನಿನವನು ಹಾರ್ನ್ ಹೊಡೆದರೆ ಇನ್ನಷ್ಟು ಕಸ. ಕಸ ಕಂಡ ಕೂಡಲೇ ಶೆಟ್ಟರು ಎಲ್ಲವನ್ನೂ ಅಳಿಸಿಬಿಡುತ್ತಿದ್ದರು. ಕಡೆಗೆ ಬಾಸಿಲ್, "ಶುಕ್ರವಾರದೊಳಗೆ ಏನಾದರೂ ಬರೆಯಿರಿ, ಇಲ್ಲವಾದರೆ ನನ್ನ ಕಂಪ್ಯೂಟರಿನಲ್ಲಿರುವ ನಿಮ್ಮ ಜಾಗ ಬೇರೆಯವರಿಗೆ" ಎಂದ.

ಶುಕ್ರವಾರ ಸಂಜೆ ಹೆಂಡತಿ ಶಶಿಪ್ರಭಾ ಅಡುಗೆ ನಿಲ್ಲಿಸಿ, ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಕುಳಿತರು.

"ಉಸಿರಾಡಬಹುದಾ?"

"ಮೆಲ್ಲ."

ಮಂಗಳೂರಿನಿಂದ ನಮಸ್ಕಾರ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಬಿದ್ದವು. ಒಂದೂ ತಪ್ಪಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಆಸ್ಯಮ್ಮ ಬಾಗಿಲು ದೂಡಿ ಒಳಗೆ ಬಂದರು. ಆ ಓಣಿಗೆಲ್ಲ ಇದ್ದದ್ದು ಶೆಟ್ಟರ ಫೋನ್ ಒಂದೇ. ಸೌದಿಯ ದಮ್ಮಾಮಿನಲ್ಲಿದ್ದ ಮಗ ಮೊಯ್ದೀನಬ್ಬ ಜ್ವರವೆಂದು ಬರೆದಿದ್ದ. ಈಗ ಫೋನ್ ಮಾಡುವವನಿದ್ದ. ರಿಸೀವರ್ ಕೆಳಗಿರುವುದು ಕಂಡು, ಮಗನೇ ಲೈನಿನಲ್ಲಿದ್ದಾನೆಂದು ಆಸ್ಯಮ್ಮ ನೇರ ಬಟ್ಟಲಿಗೆ ಬಾಗಿದರು.

"ಹಲೋ! ಮೋನೇ! ಜ್ವರ ಬಿಟ್ಟಿತಾ? ಗಂಜಿ ಕುಡಿದೆಯಾ?"

ಪರದೆಯ ಮೇಲೆ ಮೂರನೆಯ ಸಾಲು ತಾನಾಗಿ ಹುಟ್ಟಿತು: ಆವರಣ, ಪ್ರಶ್ನಾರ್ಥಕ, ಡಾಲರ್.

"ಅಯ್ಯೋ ಮಾರಾಯ್ತಿ, ಅದು ಮೊಯ್ದೀನ ಅಲ್ಲ, ಪ್ರಪಂಚ!"

"ಪ್ರಪಂಚಕ್ಕೆ ಜ್ವರ ಉಂಟಾ ಮಾಸ್ಟ್ರೇ? ನನ್ನ ಮಗನಿಗೆ ಉಂಟು. ಲೈನ್ ಸಿಗದಿದ್ದರೆ ಅವ ಹೆದರ್ತಾನೆ."

ಕಸ ಅಳಿಸಲು ಹೊರಟರೆ ಆ ಯಂತ್ರಕ್ಕೆ ಅಕ್ಷರಕ್ಕೊಂದು ಯುಗ ಬೇಕು, ಅಲ್ಲಿಯವರೆಗೆ ಮೊಯ್ದೀನಬ್ಬನಿಗೆ ಲೈನ್ ಸಿಗದು. ಏನೂ ಕಳಿಸದೆ ಫೋನ್ ಇಟ್ಟರೆ ಜಾಗ ಹೋಯಿತು. ಹಾಗೇ ಕಳಿಸಿದರೆ ಬಲ್ಮಠದ ಟೈಪಿಂಗ್ ಮಾಸ್ಟ್ರ ತಪ್ಪು ಲೋಕವೆಲ್ಲ ಸುತ್ತುತ್ತದೆ. ಶೆಟ್ಟರು ಕಣ್ಣು ಮುಚ್ಚಿ ಕಳಿಸುವ ಗುಂಡಿ ಒತ್ತಿದರು. ಆಮೇಲೆ ರಿಸೀವರನ್ನು ಅದರ ಜಾಗದಲ್ಲಿ ಇಟ್ಟರು.

ಸ್ವಲ್ಪದರಲ್ಲೇ ಫೋನ್ ಬಡಿದುಕೊಂಡಿತು. ಮೊಯ್ದೀನಬ್ಬನಿಗೆ ಜ್ವರ ಬಿಟ್ಟಿತ್ತು. ಆಸ್ಯಮ್ಮ ಅದನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಶೆಟ್ಟರ ಜಾಗ ಉಳಿಯಿತು. ಒಂದು ವಾರದ ಮೇಲೆ ನಾರ್ವೆಯಿಂದ ಯಾರೋ ಬರೆದಿದ್ದರು. ನಮಸ್ಕಾರದ ಬಗ್ಗೆ ಏನೂ ಇಲ್ಲ. ಮೂರನೆಯ ಸಾಲು ಬಹಳ ಕುತೂಹಲಕರವಾಗಿದೆ, ಅದು ನಿಮ್ಮಲ್ಲಿನ ಯಾವ ಭಾಷೆ ಎಂದು ಕೇಳಿದ್ದರು.

ಶೆಟ್ಟರು ಮನೆಯನ್ನೆಲ್ಲ ಮೌನ ಮಾಡಿಸಿ ಉದ್ದದ ಉತ್ತರ ಕಳಿಸಿದರು. ಒಂದೂ ತಪ್ಪಿಲ್ಲದ ಆ ಉತ್ತರಕ್ಕೆ ಯಾರೂ ಏನೂ ಬರೆಯಲಿಲ್ಲ.