ಬಲ ಹೆಗಲಿನ ಹೂವು

ನಮ್ಮ ಮನೆಯಲ್ಲೊಂದು ಹಿತ್ತಾಳೆ ತಂಬಿಗೆ ಇತ್ತು. ಅದರ ಕೊರಳ ಸುತ್ತ ಯಾರದೋ ಹೆಸರು ಕೊರೆದಿತ್ತಂತೆ. ನಾನು ಅಕ್ಷರ ಕಲಿಯುವ ಹೊತ್ತಿಗೆ ಅದನ್ನು ಓದುವಂತಿರಲಿಲ್ಲ. ಮೊದಲು ಅಜ್ಜಿ, ಅಜ್ಜಿಯ ತರುವಾಯ ಅಮ್ಮ, ದಿನ ಬೆಳಗಾದರೆ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ ತಿಕ್ಕಿ ಅದನ್ನು ಕನ್ನಡಿ ಮಾಡಿಬಿಟ್ಟಿದ್ದರು. ತಂಬಿಗೆ ಥಳಥಳ ಹೊಳೆಯುತ್ತಿತ್ತು, ಹೆಸರು ಹೋಗಿತ್ತು. ಹೊಳಪು ಬೇಕೆನ್ನುವವರಿಗೆ ಹೆಸರಿನ ಗೊಡವೆ ಇರುವುದಿಲ್ಲ ಎಂಬುದನ್ನು ಆಗಲೇ ಅರಿತಿದ್ದರೆ ಮುಂದೆ ಅಷ್ಟೊಂದು ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲವೇನೋ. ಇಲ್ಲ, ಮಾಡಿಕೊಳ್ಳುತ್ತಿದ್ದೆ. ಸಿಟ್ಟು ನನಗೆ ಹುಟ್ಟಿನಿಂದ ಬಂದದ್ದು.

ನೋಡಿ, ಭೂಗೋಳವೆಂದರೆ ನದಿಗಳ ಹೆಸರು, ರಾಜಧಾನಿಗಳ ಹೆಸರು ಎಂದು ನಂಬಿಕೊಂಡವರಿಗೆ ನನ್ನ ಕೆಲಸವನ್ನು ವಿವರಿಸುವುದರಲ್ಲೇ ಅರ್ಧ ಉಸಿರು ಖರ್ಚಾಗಿದೆ. ನಾನು ಅಭ್ಯಾಸ ಮಾಡಿದ್ದು ಸವೆತವನ್ನು. ಮಳೆ, ಬಿಸಿಲು, ಗಾಳಿ, ಪಾಚಿ, ಇವೆಲ್ಲ ಹಳೆಯ ಗುಡಿಗಳ ಕಲ್ಲನ್ನು ಯಾವ ಮಗ್ಗುಲಿನಿಂದ, ಎಷ್ಟು ಸಾವಧಾನವಾಗಿ ತಿನ್ನುತ್ತವೆ ಎಂಬುದನ್ನು ತಿಳಿಯುವ ಹುಚ್ಚು ನನಗೆ. ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ, ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ನಾನು ರಜೆ ಬಂದದ್ದೇ ತಡ ಶಿಕಾರಿಪುರದ ಬಸ್ಸು ಹತ್ತುತ್ತಿದ್ದೆ. ಸೊರಬದ ಕಡೆ ಮಳೆ ಹೆಚ್ಚು, ಶಿಕಾರಿಪುರ ದಾಟಿ ಬಯಲಿಗಿಳಿದಂತೆ ಕಡಿಮೆ. ಆದರೆ ಎರಡೂ ಕಡೆಯ ಗುಡಿಗಳು ಹೆಚ್ಚುಕಡಿಮೆ ಒಂದೇ ಕಾಲದವು, ಕಲ್ಲೂ ಒಂದೇ. ಮಕ್ಕಳು ಹಲಗೆಯ ಮೇಲೆ ಬರೆಯುತ್ತಾರಲ್ಲ, ಅದೇ ಬಳಪದ ಕಲ್ಲು. ಒಂದೇ ಕಲ್ಲು, ಎರಡು ಬಗೆಯ ಮಳೆ: ಇದಕ್ಕಿಂತ ದೊಡ್ಡ ಭಾಗ್ಯ ನನ್ನಂಥವಳಿಗೆ ಇನ್ನೇನಿದೆ?

ಸೊರಬದ ಕಡೆ ಹೊಸಬಾಳೆಯ ಆಚೆಗಿನ ಒಂದು ಹಾಳುಗುಡಿಯಲ್ಲಿ, ಬಯಲ ಕಡೆ ಬಂದಳಿಕೆಯ ದಾರಿಯ ಹಳ್ಳಿಯೊಂದರ ಗುಡಿಯಲ್ಲಿ, ಅಕ್ಕತಂಗಿಯರಂತಿದ್ದ ಎರಡು ಶಿಲ್ಪಗಳನ್ನು ನಾನು ಆರಿಸಿಕೊಂಡಿದ್ದೆ. ಇಬ್ಬರೂ ಹೊರಗೋಡೆಯ ಮೇಲೆ ತೆಂಕಣಕ್ಕೆ ಮುಖ ಮಾಡಿ ಚಾಮರ ಹಿಡಿದು ನಿಂತವರು. ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಅವರ ಕೊರಳ ಹಾರದ ಮೇಲೆ ಮೇಣ ಒತ್ತಿ ಅಚ್ಚು ತೆಗೆದು ಹೋಲಿಸುತ್ತಿದ್ದೆ. ವರ್ಷದಿಂದ ವರ್ಷಕ್ಕೆ ಕಣ್ಣಿಗೆ ಕಾಣುವ ವ್ಯತ್ಯಾಸವೇನೂ ಇರುತ್ತಿರಲಿಲ್ಲ. ಇಲ್ಲವಲ್ಲ ಎಂಬುದೇ ನನಗೆ ಸಂತೋಷ.

ಹೀಗಿರುವಾಗ ಯಾರೋ ದೊಡ್ಡವರು ಆ ಭಾಗದಲ್ಲಿ ಪ್ರವಾಸ ಮಾಡುತ್ತಾರೆಂಬ ಸುದ್ದಿ ಹಬ್ಬಿ, ಊರೂರಲ್ಲಿ ಶ್ರಮದಾನ ಶುರುವಾಯಿತು. ಶ್ರಮದಾನವನ್ನು ನಾನು ಹಳಿಯುವವಳಲ್ಲ. ರಸ್ತೆ ಮಾಡಲಿ, ಬಾವಿ ತೋಡಲಿ, ಬೇಕಾದರೆ ನಾನೂ ಬುಟ್ಟಿ ಹೊರುತ್ತೇನೆ. ಆದರೆ ಹೊಸಬಾಳೆಯ ಆಚೆಗಿನ ಗುಡಿಗೆ ಹೋಗಿ ನೋಡುತ್ತೇನೆ, ನನ್ನ ಕಲ್ಲಿನ ಅಕ್ಕ ಫಳಫಳ ಹೊಳೆಯುತ್ತಿದ್ದಾಳೆ! ಮರಳು, ಇಟ್ಟಿಗೆ ಪುಡಿ, ಕಬ್ಬಿಣದ ತುಕ್ಕು ಉಜ್ಜುವ ತಂತಿ ಬ್ರಷ್ಷು ಹಿಡಿದು ಒಂದೇ ಮಧ್ಯಾಹ್ನದಲ್ಲಿ ಕೆಲಸ ಪೂರೈಸಿದ್ದರು. ಹಾರವಿಲ್ಲ, ಬೆರಳಿಲ್ಲ, ಮೂಗಿಲ್ಲ. ಉಸ್ತುವಾರಿಗೆ ನಿಂತಿದ್ದ ಗ್ರಾಮಸೇವಕ ಮುಖ ಅರಳಿಸಿಕೊಂಡು, "ಈಗ ಹೊಸಾದ್ರ ಹಾಂಗೆ ಕಾಣ್ತದೆ ಅಲ್ದಾ ಅಮ್ಮಾ?" ಎಂದ. ನೂರಾರು ಮಳೆಗಾಲ ಕೈಯಿಟ್ಟು ನೋಡಿ ಬಿಟ್ಟುಕೊಟ್ಟದ್ದನ್ನು ಈ ಪುಣ್ಯಾತ್ಮರು ಊಟಕ್ಕೂ ಸಂಜೆಯ ಕಾಫಿಗೂ ನಡುವೆ ಮುಗಿಸಿದ್ದರು. ಪಾಪ, ಅವನ ಹೆಮ್ಮೆಗೆ ಬೈಯಬಾರದು ಎಂದುಕೊಂಡೆ. ಎಂದುಕೊಂಡೇ ಬಾಯಿಗೆ ಬಂದಂತೆ ಬೈದೆ.

ಇನ್ನು ಉಳಿದವಳು ತಂಗಿ. ಅವಳ ಊರಿನಲ್ಲೂ ಶ್ರಮದಾನವೆಂದು ತಿಳಿದು ಮಾರನೆಯ ಬೆಳಗ್ಗೆಯೇ ಎದ್ದೆನೋ ಬಿದ್ದೆನೋ ಎಂದು ಅಲ್ಲಿಗೆ ಓಡಿದೆ. ಅಭಿವೃದ್ಧಿ ಬ್ಲಾಕಿನ ಸಾಹೇಬರು ಟೋಪಿ ಹಾಕಿಕೊಂಡು ನಿಂತಿದ್ದರು, ಜನ ಕೊಡಗಳಲ್ಲಿ ನೀರು ತರುತ್ತಿದ್ದರು. ಈ ಕಲ್ಲು ಉಗುರಿಗೂ ಗೀರುಬೀಳುವಂಥದ್ದು, ಬ್ರಷ್ಷು ತಾಗಿಸಬೇಡಿ ಎಂದು ಕೇಳಿಕೊಂಡೆ. "ಓದಿದವರೇ ಸ್ವಚ್ಛತೆ ಬೇಡ ಅಂದರೆ ದೇಶ ಉದ್ಧಾರ ಆದ ಹಾಗೇ" ಎಂದು ಸಾಹೇಬರು ನಕ್ಕರು. ಗುಡಿಯ ಎದುರು ಮನೆಯ ಗಂಗವ್ವ, ಪ್ರತಿಸಲವೂ ನನಗೆ ಮಜ್ಜಿಗೆ ಕೊಟ್ಟು ಉಪಚರಿಸುತ್ತಿದ್ದವಳು, ಅವಳೂ ಕೈಯಲ್ಲಿ ತೆಂಗಿನ ನಾರು ಹಿಡಿದು, "ದೇವ್ರ ಗುಡಿ ಮೈ ತೊಳ್ಕಂಡ್ರೆ ನಿಮಗ್ಯಾಕ್ರೀ ಟೀಚರಮ್ಮಾರೆ ಹೊಟ್ಟೆಯುರಿ?" ಎಂದು ಕೇಳಿದಳು.

ವಾದ ಮಾಡಿ ಗೆಲ್ಲುವ ಜಾಗ ಅದಲ್ಲ. ನನ್ನ ಚೀಲದಲ್ಲಿ ಕುಂಕುಮದ ಭರಣಿ ಇತ್ತು. ಸೀದಾ ಹೋಗಿ ಕಲ್ಲಿನ ಹೆಣ್ಣಿನ ಹಣೆಗೆ ಹೆಬ್ಬೆರಳಗಲ ಕುಂಕುಮ ಹಚ್ಚಿ, ಬೇಲಿಯ ಕಣಗಿಲೆಯ ಹೂವೊಂದನ್ನು ಕಿತ್ತು ಅವಳ ಪಾದದ ಬಳಿ ಇಟ್ಟು, ಕೈಮುಗಿದು ಕಣ್ಣುಮುಚ್ಚಿ ನಿಂತೆ. ನಿಂತೇ ಇದ್ದೆ. ಕಣ್ಣು ತೆರೆದಾಗ ಗಂಗವ್ವ ನಾರು ಕೆಳಗಿಟ್ಟು ತಾನೂ ಕೈಮುಗಿದಿದ್ದಳು. ಕುಂಕುಮ ಏರಿದ ಮೇಲೆ ತಂತಿ ಬ್ರಷ್ಷು ಆಡಿಸುವ ಎದೆ ಯಾರಿಗಿದೆ? ಸಾಹೇಬರು ಗೊಣಗುತ್ತ ಗುಡಿಯ ಅಂಗಳ ಗುಡಿಸಿಸಿ ಹೊರಟುಹೋದರು. ಇದು ಮೋಸವೆಂದು ನೀವು ಮೂಗು ಮುರಿಯಬಹುದು, ಮುರಿಯಿರಿ. ಇಂಥ ಮೋಸವನ್ನು ನಾನು ಇನ್ನೂ ನೂರು ಸಲ ಮಾಡುತ್ತೇನೆ.

ಮಳೆಗಾಲ ಕಳೆದು ಮತ್ತೆ ಹೋದಾಗ ನನಗೆ ಗುರುತೇ ಹತ್ತಲಿಲ್ಲ. ತಂಗಿ ಸೊಂಟಕ್ಕೆ ಹಸಿರು ಸೀರೆಯುಟ್ಟಿದ್ದಳು. ಬೆಳ್ಳಿಯ ಕಣ್ಣು ಬಂದಿತ್ತು, ಮೈಯೆಲ್ಲ ಎಣ್ಣೆ, ಮುಂದೆ ಒಡೆದ ತೆಂಗಿನಕಾಯಿ. ಗಂಗವ್ವನೇ ಪೂಜೆ ಮಾಡುವವಳು. ನಾನು ಮೇಣದ ಡಬ್ಬಿ ತೆಗೆದದ್ದನ್ನು ಕಂಡು ಅಡ್ಡ ಬಂದಳು. "ಹಂಗೆಲ್ಲ ಮುಟ್ಟಂಗಿಲ್ರೀ. ಮೊದ್ಲು ಅಮ್ಮನ್ನ ಹೂ ಕೇಳ್ರಿ. ಕೊಟ್ರೆ ಒತ್ಕಳ್ರಿ, ಇಲ್ಲಾಂದ್ರೆ ಇಲ್ಲ."

ಹೂ ಕೇಳುವುದು ನಿಮಗೆ ಗೊತ್ತಿರಬೇಕು. ಒದ್ದೆ ಮಾಡಿದ ಎರಡು ಹೂಗಳನ್ನು ದೇವರ ಎರಡು ಹೆಗಲಿಗೂ ಅಂಟಿಸಿ, ಮನಸ್ಸಿನಲ್ಲಿದ್ದುದನ್ನು ಕೇಳಿ ಕಾಯುವುದು. ದೇವರ ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆಯಾಯಿತು, ಎಡಗಡೆಯದು ಬಿದ್ದರೆ ಇಲ್ಲ. ನನ್ನ ವರ್ಷಗಳ ಅಭ್ಯಾಸ ಎರಡು ಹೂಗಳ ಮೇಲೆ ನಿಂತಿತಲ್ಲ ಎಂದು ಮೈ ಉರಿಯಿತು. ಹೂ ಅಂಟಿಸಿದ ಮರುಕ್ಷಣ ನಗು ಬಂತು. ಮುಂಗಾರು ಬಂದು ಹೊಡೆಯುವುದು ಪಡುವಣದಿಂದ. ತೆಂಕಣಕ್ಕೆ ಮುಖ ಮಾಡಿದ ಇವಳಿಗೆ ಪಡುವಣವೇ ಬಲಮಗ್ಗುಲು. ಎಡ ಹೆಗಲಿನ ಮೇಲೆ ಒಡವೆಯ ಏಣುಗಳು ಇನ್ನೂ ಬೆರಳಿಗೆ ಸಿಗುತ್ತವೆ, ಹೂವು ಅಲ್ಲಿ ಸಿಕ್ಕಿಕೊಂಡು ಕೂರುತ್ತದೆ. ಬಲ ಹೆಗಲು ಸವೆದು ನುಣ್ಣಗಾಗಿ ಜಾರಿ ಇಳಿದಿದೆ. ಬಲಗಡೆಯದು ಬೀಳದೆ ಇನ್ನಾವುದು ಬೀಳಬೇಕು? ಬಿತ್ತು. ಗಂಗವ್ವ, "ನಿಮ್ಮ ಮ್ಯಾಲೆ ಅಮ್ಮಂಗೆ ಬಾಳ ಪ್ರೀತಿ" ಎಂದಳು. ನಾನು ತೆಪ್ಪಗೆ ಮೇಣ ಒತ್ತಿಕೊಂಡೆ.

ಶಿಕಾರಿಪುರದಲ್ಲಿ ಉಳಿದುಕೊಂಡಿದ್ದ ನಾನು ಆ ವಾರವೇ ಮತ್ತೊಮ್ಮೆ ಹೋದೆ. ಬ್ಲಾಕಿನ ಸಾಹೇಬರು ಬಂದಿದ್ದರು, ಈ ಸಲ ಭಕ್ತರಾಗಿ. ಅಮ್ಮನ ಸುತ್ತ ಗೋಡೆಗೆಲ್ಲ ಸಿಮೆಂಟು ಗಿಲಾವು ಮಾಡಿಸಿ ಬಣ್ಣ ಬಳಿಸುವುದೆಂದು ನಿಶ್ಚಯವಾಗಿತ್ತು. ಸಿಮೆಂಟು ಬಳಿದರೆ ಗೋಡೆಯೊಳಗಿನ ನೀರಿಗೆ ಹೊರಬರಲು ದಾರಿಯಿಲ್ಲದೆ ಈ ಮೆತ್ತನೆಯ ಕಲ್ಲು ಹಿಂದಿನಿಂದ ಹಿಟ್ಟಾಗುತ್ತದೆ, ಮಳೆ ಉಳಿಸಿದ್ದೂ ಉಳಿಯುವುದಿಲ್ಲ ಎಂದು ಗಂಟಲು ಹರಿಯುವಂತೆ ಹೇಳಿದೆ. "ನಾವ್ಯಾರು ಹೇಳಾಕೆ, ಅಮ್ಮನ್ನೇ ಕೇಳಾನ" ಎಂದು ಗಂಗವ್ವ ಹೂ ನೆನೆಸಿದಳು.

"ಕೇಳಬೇಡ ಗಂಗವ್ವಾ! ಏನು ಕೇಳಿದರೂ ಬಲಗಡೆಯದೇ ಬೀಳುತ್ತದೆ. ಅದು ಅಪ್ಪಣೆಯಲ್ಲ, ಹೆಗಲು ಸವೆದು ಇಳಿಜಾರಾಗಿದೆ!" ಎಂದು ಎಲ್ಲರೆದುರು ಕೂಗಿದೆ.

ಗಂಗವ್ವ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. "ಮೊನ್ನೆ ನಿಮಗೆ ಕೊಟ್ಟಾಗ ಸುಮ್ನೆ ಇಸ್ಕಂಡ್ರಿ. ಇವತ್ತು ಊರಿಗೆ ಕೊಟ್ರೆ ಇಳಿಜಾರೇನ್ರೀ?"

ಹೂ ಅಂಟಿಸಿದರು. ಜನ ಸುತ್ತುಗಟ್ಟಿ ನಿಂತರು. ಆ ಕಲ್ಲಿನ ಹೆಣ್ಣಿಗೆ ಬೇಡ ಎನ್ನಲು ಮಳೆ ಏನನ್ನೂ ಉಳಿಸಿರಲಿಲ್ಲ. ಅವಳು ಯಾರು ಏನು ಕೇಳಿದರೂ ಹೂಂ ಎನ್ನುವವಳು, ಅದು ಆ ಗುಂಪಿನಲ್ಲಿ ನನ್ನೊಬ್ಬಳಿಗೆ ಗೊತ್ತಿತ್ತು. ಬಲಗಡೆಯ ಹೂ ಬಿತ್ತು. ಎಲ್ಲರೂ ಕೈಮುಗಿದರು, ಸಾಹೇಬರು ಎಲ್ಲರಿಗಿಂತ ಮೇಲೆ ಕೈಯೆತ್ತಿ ಮುಗಿದರು. ತಡೆಯಲಾರದೆ ನಾನು ಅಲ್ಲಿಂದ ಹೊರಟು ಗುಡಿಯ ಹಿಂಬದಿಗೆ ಬಂದೆ. ಅಲ್ಲಿ ಗಾಡಿಯಿಂದ ಸಿಮೆಂಟಿನ ಚೀಲಗಳನ್ನು ಇಳಿಸಿ, ಗೋಡೆಗೆ ಒರಗಿಸಿ, ಮೇಲೆ ಗೋಣಿತಾಟು ಹೊದಿಸಿದ್ದರು. ಹೂ ಕೇಳುವುದಕ್ಕೆ ಮೊದಲೇ.